ಕಾರಿಗೂ ಒಂದು ಕಣಕ

ಮನೆಯ ಕಾರನ್ನು ಚೆನ್ನಾಗಿ ತೊಳೆದು ಒರೆಸಿದ ಮೇಲೆ, ತೆಳು ಪ್ಲಾಸ್ಟಿಕ್ ಚೀಲವೊಂದರೊಳಗೆ ಕೈಯಿಟ್ಟು ಬಾನೆಟ್ಟಿನ ಮೇಲೆ ಮೆಲ್ಲಗೆ ಆಡಿಸಿ ನೋಡಿದ್ದೀರಾ? ಇಲ್ಲವಾದರೆ ಈ ಭಾನುವಾರ ನೋಡಿ. ಕಣ್ಣಿಗೆ ಕನ್ನಡಿಯಂತೆ ಕಂಡದ್ದು ಕೈಗೆ ರವೆ ಚೆಲ್ಲಿದಂತೆ ತರಿತರಿಯಾಗಿ ಸಿಗುತ್ತದೆ. ಬರಿಗೈಗೆ ಅಷ್ಟಾಗಿ ತಿಳಿಯದು, ಚೀಲ ತೊಟ್ಟ ಕೈಗೆ ಚೆನ್ನಾಗಿ ತಿಳಿಯುತ್ತದೆ.

ಈ ವಿದ್ಯೆ ಕಲಿಸಿದವನು ನಿಮ್ಮದೇ ವಯಸ್ಸಿನ, ಥಾಣೆಯಲ್ಲೇ ಹುಟ್ಟಿ ಬೆಳೆದ ನನ್ನ ತಂಗಿಯ ಮಗ. ನಮ್ಮದು 2012ರ ಬಿಳಿ ಸ್ವಿಫ್ಟ್. ಮಾಟುಂಗದ ನಮ್ಮ ಕಟ್ಟಡದ ಕಂಪೌಂಡಿನಾಚೆಗೇ ರೈಲಿನ ಹಳಿ. ಕಾರಿನ ಮೈಮೇಲೆಲ್ಲ ಸಾಸಿವೆಗಿಂತ ಚಿಕ್ಕ ಕಿತ್ತಳೆ ಬಣ್ಣದ ಚುಕ್ಕಿಗಳೆದ್ದಿದ್ದವು. ಗ್ಯಾರೇಜಿನವನೊಬ್ಬ, ತಗಡಿಗೇ ತುಕ್ಕು ಹಿಡಿದಿದೆ, ಪೂರ್ತಿ ಬಣ್ಣ ಹೊಡೆಸಿ ಎಂದಿದ್ದ. ನಮ್ಮ ಹುಡುಗ ನಕ್ಕುಬಿಟ್ಟ. "ದೊಡ್ಡಮ್ಮ, ಈ ತುಕ್ಕು ಕಾರಿನದ್ದಲ್ಲ, ಟ್ರೇನಿನದ್ದು!"

ಚಕ್ರ ಹಳಿಗೆ ಉಜ್ಜುವಾಗ, ಬ್ರೇಕು ಹಾಕುವಾಗ ಹಾರುವ ಕಬ್ಬಿಣದ ಹುಡಿ ಬಣ್ಣದ ಮೇಲೆ ಕೂತು, ತೇವಕ್ಕೆ ತುಕ್ಕಾಗಿ, ಅಲ್ಲೇ ಕಚ್ಚಿಕೊಳ್ಳುತ್ತದಂತೆ. ರಸ್ತೆಯ ವಾಹನಗಳ ಬ್ರೇಕಿನ ಹುಡಿಯೂ ಅಷ್ಟೇ. ಎಷ್ಟು ಸೋಪು ಹಾಕಿದರೂ ಜಗ್ಗುವುದಿಲ್ಲ.

ಅದಕ್ಕೆ ಅವನು ತಂದ ಮದ್ದು ಕ್ಲೇ ಬಾರ್. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ನನಗೆ ಕ್ಲೇ ಎಂದರೆ ಕುಂಬಾರನ ಮಣ್ಣು. ಕಾರಿಗೆ ಮಣ್ಣು ಬಳಿಯುವುದುಂಟೇ ಎಂದು ಕೇಳಿದೆ. ಇದು ಆ ಮಣ್ಣಲ್ಲ. ಜಪಾನಿನಲ್ಲಿ ರೂಪುಗೊಂಡ, ಬಹಳ ನಯವಾದ ಉಜ್ಜುಪುಡಿ ಬೆರೆಸಿದ, ರಬ್ಬರಿನಂಥ ಮೆತ್ತನೆಯ ಮುದ್ದೆ. ಮುಟ್ಟಿದ ಕೂಡಲೇ ನನಗೆ ಹೋಳಿಗೆಯ ಕಣಕ ನೆನಪಾಯಿತು. ನಾದುವ ಕ್ರಮವೂ ಅದೇ! ಇಷ್ಟು ವರ್ಷ ಅಡಿಗೆಮನೆಯಲ್ಲಿ ಕಲಿತದ್ದು ಪಾರ್ಕಿಂಗಿನಲ್ಲಿ ಉಪಯೋಗಕ್ಕೆ ಬಂತು.

ಕಾರು ನೆರಳಿನಲ್ಲಿರಬೇಕು, ಮೈ ತಣ್ಣಗಿರಬೇಕು, ಮೊದಲು ತೊಳೆದಿರಬೇಕು. ಒಂದು ತುಂಡನ್ನು ಮೂರು ಬೆರಳಗಲ ತಟ್ಟಿಕೊಳ್ಳಿ. ಕಾರಿನ ಶಾಂಪೂ ಬೆರೆಸಿದ ನೀರನ್ನು ಒಂದೆರಡು ಅಡಿ ಜಾಗಕ್ಕೆ ಧಾರಾಳವಾಗಿ ಸಿಂಪಡಿಸಿ, ಒತ್ತದೆ, ಹಿಂದಕ್ಕೂ ಮುಂದಕ್ಕೂ ನೇರವಾಗಿ ಜಾರಿಸಿ. ಮೊದಮೊದಲು ಕೈ ತಡೆಯುತ್ತದೆ, ಸರಸರ ಸದ್ದೂ ಬರುತ್ತದೆ. ಸದ್ದು ನಿಂತು ಮುದ್ದೆ ತಾನಾಗಿ ಜಾರಿತೆಂದರೆ ಅಲ್ಲಿಯ ಕೆಲಸ ಮುಗಿಯಿತು. ತಿರುಗಿಸಿ ನೋಡಿದರೆ ಕಂದು ಕೊಳೆ. ಅದನ್ನು ಒಳಗೆ ಮಡಚಿ, ನಾದಿ, ಹೊಸ ಮೈ ಮಾಡಿಕೊಂಡು ಮುಂದಕ್ಕೆ ಹೋಗಿ. ಒಣಗಿದ ಮೈಮೇಲೆ ಮಾತ್ರ ಉಜ್ಜಲೇಬೇಡಿ. ಮುದ್ದೆ ನೆಲಕ್ಕೆ ಬಿದ್ದರೆ ಎಸೆದುಬಿಡಿ. ನಮ್ಮವರ ಉಳಿತಾಯದ ಬುದ್ಧಿ ಇಲ್ಲಿ ಸಲ್ಲದು. ಒಂದು ಮರಳಿನ ಕಾಳು ಸಾಕು, ಗೀರು ಬೀಳಲು. ಬಣ್ಣದ ಮೇಲಿನ ಪಾರದರ್ಶಕ ಪದರ ತಲೆಗೂದಲಿಗಿಂತ ತೆಳು. ಹಳೆಯ ಗೀರುಗಳು ಇದರಿಂದ ಹೋಗುವುದಿಲ್ಲ, ಆ ಆಸೆ ಬೇಡ. ಇದ್ದ ಮೇಣವೂ ಕಿತ್ತುಹೋಗುವುದರಿಂದ ಕೊನೆಗೆ ಹೊಸದಾಗಿ ವ್ಯಾಕ್ಸ್ ಹಚ್ಚಬೇಕು. ವರ್ಷಕ್ಕೆ ಒಂದೆರಡು ಸಲ ಮಾಡಿದರೆ ಧಾರಾಳವಾಯಿತು.

ಈಗ ನಮ್ಮ ಯಜಮಾನರ ವಿಷಯ. ಅವರಿಗೆ ಗ್ಲಾಕೋಮಾ. ಅಕ್ಕಪಕ್ಕದ ನೋಟ ಸದ್ದಿಲ್ಲದೆ ಹೋಗಿಬಿಟ್ಟಿತು, ಹೋದದ್ದು ಮರಳುವುದಿಲ್ಲ. (ನಿಮ್ಮ ತಂದೆತಾಯಿಗೆ ನಲವತ್ತು ದಾಟಿದ್ದರೆ ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿ, ಮರೆಯಬೇಡಿ.) ಮೂವತ್ತು ವರ್ಷ ಈ ಮುಂಬಯಿಯಲ್ಲಿ ಗಾಡಿ ನಡೆಸಿದವರು, ಮೊದಲು ಫಿಯಟ್, ಆಮೇಲೆ ಇದು. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಕಶೇಡಿ ಘಾಟಿ ಇಳಿದು ಉಡುಪಿ ಮುಟ್ಟಿಸಿದವರು. 2022ರಿಂದ ಸ್ಟೀರಿಂಗ್ ಮುಟ್ಟಿಲ್ಲ. ಕಾರಿನ ಹತ್ತಿರವೂ ಹೋಗುತ್ತಿರಲಿಲ್ಲ. ಮಾರೋಣವೇ ಎಂದರೆ ಹೌದೂ ಇಲ್ಲ, ಅಲ್ಲವೂ ಇಲ್ಲ.

ಆ ಭಾನುವಾರ ನಮ್ಮ ಗಲಾಟೆ ಕೇಳಿ ಕೆಳಗಿಳಿದು ಬಂದರು. ಹುಡುಗ ಸ್ಟೂಲು ಹಾಕಿ ಕೂರಿಸಿ, ಅವರ ಕೈಗೆ ಚೀಲ ತೊಡಿಸಿ, "ದೊಡ್ಡಪ್ಪ, ಎಲ್ಲಿ ಉಳಿದಿದೆ ನೀವು ಹೇಳಿ" ಎಂದ. ನಾವಿಬ್ಬರೂ ಮುಗಿಯಿತೆಂದು ಬಿಟ್ಟಿದ್ದ ಬಾಗಿಲಿನ ಮೇಲೆ ಕೈಯಾಡಿಸಿ, "ಹಿಡಿಯ ಕೆಳಗೆ ಇದೆ," "ಈ ಅಂಚು ಯಾರು ಮಾಡಿದ್ದು?" ಎಂದು ಶುರುಮಾಡಿದರು. ಹೇಳಿದ ಕಡೆಯೆಲ್ಲ ಇತ್ತು. ಸ್ವಲ್ಪ ಹೊತ್ತಿಗೆ, "ಅದನ್ನಿಲ್ಲಿ ಕೊಡು ಮಾರಾಯ್ತಿ" ಎಂದು ಮುದ್ದೆಯನ್ನು ನನ್ನ ಕೈಯಿಂದ ಇಸಿದುಕೊಂಡರು. ಮೂರು ಗಂಟೆ ಹಿಡಿಯಿತು. ಕಾಫಿ ಎರಡು ಸಲ ಕೆಳಗಿಳಿಯಿತು.

ಮಾರುವ ಮಾತು ಇನ್ನೂ ತೀರ್ಮಾನವಾಗಿಲ್ಲ. 2027ಕ್ಕೆ ಗಾಡಿಗೆ ಹದಿನೈದು ತುಂಬುತ್ತದೆ, ಆಗ ನೋಡೋಣ ಎನ್ನುತ್ತಾರೆ. ಡಿಕ್ಕಿಯ ಕೆಲಸ ಅಷ್ಟು ನಯವಾಗಿಲ್ಲ, ಬಾ ಎಂದು ಹುಡುಗನಿಗೆ ಮೊನ್ನೆ ತಾವೇ ಫೋನು ಮಾಡಿದರು. ಉಳಿದ ಮುದ್ದೆ ನನ್ನ ಹಳೆಯ ಉಪ್ಪಿನಕಾಯಿ ಡಬ್ಬಿಯಲ್ಲಿ ಭದ್ರವಾಗಿದೆ. ನಿಮ್ಮ ಕಾರಿಗೆ ಬೇಕಿದ್ದರೆ ಬನ್ನಿ. ಪರೀಕ್ಷೆ ಮಾಡಲು ಇವರಿದ್ದಾರೆ.