ನೆಲ ಡೊಂಕಿರಲಿಲ್ಲ

ನಮ್ಮ ಸಂಘದ ಯುವ ಮಿತ್ರರಲ್ಲಿ ಅನೇಕರು ಈಗ ಕಂಪ್ಯೂಟರ್ ಕ್ಷೇತ್ರದಲ್ಲಿದ್ದೀರಿ. ನಿಮಗೆ ಉಪಯೋಗವಾದೀತೆಂದು ನನ್ನದೇ ಒಂದು ತಪ್ಪಿನ ಕಥೆಯನ್ನು ಇಲ್ಲಿ ಹೇಳುತ್ತಿದ್ದೇನೆ. ಸ್ವಲ್ಪ ನಾಚಿಕೆಯ ಕಥೆಯೇ. ಆದರೂ ಹೇಳುವುದು ಒಳ್ಳೆಯದು ಎನಿಸಿದೆ.

ಅದು 2012ರ ಮಳೆಗಾಲ. ಮುಂಬಯಿಯ ಒಂದು ಕಚೇರಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ನಮ್ಮ ಪುಣೆ ಶಾಖೆಯವರು ಇಂಟರ್‌ನೆಟ್ಟಿನೊಳಗೆ ಕೊರೆದ ಗುಪ್ತ ಸುರಂಗದಂಥ ವಿಪಿಎನ್ ಮೂಲಕ ಮುಂಬಯಿಯ ಸರ್ವರನ್ನು ತಲುಪುತ್ತಿದ್ದರು. ತಿಂಗಳ ಕೊನೆಯ ಸೋಮವಾರ ಅಲ್ಲಿಂದ ದೂರು ಬಂತು. ಲಾಗಿನ್ ಆಗುತ್ತದೆ, ಚಿಕ್ಕ ಪುಟಗಳು ತೆರೆಯುತ್ತವೆ. ಆದರೆ ಸಂಬಳದ ದೊಡ್ಡ ಪಟ್ಟಿಯನ್ನು ಕೇಳಿದರೆ ಪರದೆ ಬೆಳ್ಳಗೆ ನಿಂತುಬಿಡುತ್ತದೆ!

ಮುಂಬಯಿಯಲ್ಲಿ ಕುಳಿತವರಿಗೆಲ್ಲ ಅದೇ ಪಟ್ಟಿ ಸಲೀಸಾಗಿ ಸಿಗುತ್ತಿತ್ತು. ಹಾಗಾಗಿ ತಪ್ಪು ಪುಣೆಯದೇ ಎಂದು ತೀರ್ಮಾನಿಸಿದೆ. ಅಲ್ಲಿ ಈ ಕೆಲಸ ನೋಡುತ್ತಿದ್ದ ಹುಡುಗ ಹಿಂದಿನ ವಾರವಷ್ಟೇ ಹೊಸ ಸ್ವಿಚ್ ಕೂರಿಸಿದ್ದ. ಅವನ ಮನೆತನ ಗದಗದ ಕಡೆಯದು. ಹುಟ್ಟಿ ಬೆಳೆದದ್ದು, ಓದಿದ್ದು ಎಲ್ಲ ಪುಣೆಯಲ್ಲೇ, ನಿಮ್ಮಲ್ಲಿ ಬಹುಪಾಲು ಜನರ ಹಾಗೆ. ನಾನು ಫೋನಿನಲ್ಲಿ ಕನ್ನಡದಲ್ಲೇ ರೇಗಿದೆ. ಅವನಿಗೆ ಊಟ ತಿಂಡಿಯ ಕನ್ನಡ ಬರುತ್ತಿತ್ತು, ವಾದ ಮಾಡುವಷ್ಟು ಕನ್ನಡ ಬರುತ್ತಿರಲಿಲ್ಲ. "ಹೌದ್ರಿ", "ನೋಡ್ತೀನ್ರಿ" ಎಂದು ಸುಮ್ಮನಾದ. ಆ ಮೌನವನ್ನು ನಾನು ತಪ್ಪೊಪ್ಪಿಗೆ ಎಂದುಕೊಂಡೆ. ಅಷ್ಟಕ್ಕೇ ನಿಲ್ಲಲಿಲ್ಲ, ಅವನ ಅಜಾಗರೂಕತೆಯ ಬಗ್ಗೆ ಮೇಲಧಿಕಾರಿಗೆ ಪತ್ರವನ್ನೂ ಬರೆದೆ. ಅವನದು ವರ್ಷದ ಕರಾರಿನ ಕೆಲಸ. ಅದು ನವೀಕರಣವಾಗಬೇಕಿದ್ದುದು ಅದೇ ತಿಂಗಳು.

ಮರುದಿನ ರಾತ್ರಿ ಅವನೇ ಫೋನ್ ಮಾಡಿದ. "ಸರ್, ಎರಡೂ ಕಡೆ ಪ್ಯಾಕೆಟ್ ಹಿಡಿದು ನೋಡೋಣೇನ್ರಿ?"

ಪ್ಯಾಕೆಟ್ ಹಿಡಿಯುವುದೆಂದರೆ, ತಂತಿಯ ಮೇಲೆ ಹೋಗಿ ಬರುವ ಪ್ರತಿಯೊಂದು ಕಂತಿನ ನಕಲನ್ನು ವೇಳೆಯ ಸಮೇತ ಬರೆದಿಡುವುದು. ಇದಕ್ಕೆ ಟಿಸಿಪಿಡಂಪ್ ಎಂಬ ಸಾಧನವನ್ನು 1988ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ವ್ಯಾನ್ ಜೇಕಬ್ಸನ್ ಮತ್ತು ಸಂಗಡಿಗರು ಬರೆದರು. 1998ರಲ್ಲಿ ಜೆರಾಲ್ಡ್ ಕೋಂಬ್ಸ್ ಈಥರಿಯಲ್ ಎಂಬ ತಂತ್ರಾಂಶವನ್ನು ಹೊರತಂದರು. 2006ರಲ್ಲಿ ಅದಕ್ಕೆ ವೈರ್‌ಶಾರ್ಕ್ ಎಂದು ಹೆಸರಾಯಿತು. ಎರಡೂ ಉಚಿತ.

ಮೊದಲು ಎರಡೂ ಕಡೆಯ ಗಡಿಯಾರಗಳನ್ನು ಸರಿಹೊಂದಿಸಿಕೊಂಡೆವು. ಅವನು ಪಟ್ಟಿ ಕೇಳಿದ, ಇಬ್ಬರೂ ಹಿಡಿದೆವು. ಟಿಸಿಪಿಯಲ್ಲಿ ಮಾತುಕತೆಗೆ ಮುಂಚೆ ಮೂರು ಹೆಜ್ಜೆಯ ಕೈಕುಲುಕು ಇರುತ್ತದೆ: ಒಬ್ಬ "ಸಿನ್" ಎಂದು ಕರೆಯುತ್ತಾನೆ, ಇನ್ನೊಬ್ಬ "ಸಿನ್-ಆಕ್" ಎಂದು ಓಗೊಡುತ್ತಾನೆ, ಮೊದಲಿನವ "ಆಕ್" ಎಂದು ಒಪ್ಪುತ್ತಾನೆ. ಮೂರೂ ಎರಡು ಕಡೆ ಸರಿಯಾಗಿ ಕಂಡವು. ಪುಣೆಯ ಬೇಡಿಕೆಯೂ ಮುಂಬಯಿಗೆ ಮುಟ್ಟಿತ್ತು. ನಮ್ಮ ಸರ್ವರ್ 1460 ಬೈಟ್ ತುಂಬಿದ ದೊಡ್ಡ ಕಂತುಗಳನ್ನು ಕಳಿಸಿಯೂ ಇತ್ತು. ಉತ್ತರ ಬಾರದೆ ಅದೇ ಕಂತನ್ನು ಮತ್ತೆ ಕಳಿಸುತ್ತಿತ್ತು. ಕಾಯುವ ಹೊತ್ತು ಪ್ರತಿ ಸಲವೂ ಇಮ್ಮಡಿಯಾಗುತ್ತ ಹೋಗಿತ್ತು. ಪುಣೆಯ ದಾಖಲೆಯಲ್ಲಿ ಮಾತ್ರ ಆ ದೊಡ್ಡ ಕಂತುಗಳಲ್ಲಿ ಒಂದೂ ಇರಲಿಲ್ಲ. ಅಂದರೆ ಅವು ಹುಡುಗನ ಬಾಗಿಲಿನವರೆಗೆ ಹೋಗಿಯೇ ಇರಲಿಲ್ಲ. ಅವನ ಹೊಸ ಸ್ವಿಚ್ ನಿರ್ದೋಷಿ.

ಹಾಗಾದರೆ ಕಂತುಗಳು ಎಲ್ಲಿ ಹೋದವು? ಈಗ ನಾನು ಮೂರನೆಯ ಜಾಗದಲ್ಲಿ, ನಮ್ಮ ಫೈರ್‌ವಾಲ್ ಮತ್ತು ವಿಪಿಎನ್ ರೌಟರಿನ ನಡುವೆ ಹಿಡಿದೆ. ಅಲ್ಲಿ ಕಂಡದ್ದನ್ನು ನೋಡಿ ಬೆವರಿದೆ. ಪ್ರತಿ ದೊಡ್ಡ ಕಂತು ಬಂದೊಡನೆ ರೌಟರ್ ಒಂದು ಪುಟ್ಟ ಐಸಿಎಂಪಿ ಸಂದೇಶವನ್ನು ಹಿಂದಕ್ಕೆ ಕಳಿಸುತ್ತಿತ್ತು: "ಇದು ಹಿಡಿಸುವುದಿಲ್ಲ, 1400 ಬೈಟಿಗೆ ಇಳಿಸಿ."

ವಿಷಯ ಇಷ್ಟೇ. ಸಾಮಾನ್ಯ ಈಥರ್‌ನೆಟ್ಟಿನಲ್ಲಿ ಒಂದು ಪ್ಯಾಕೆಟ್ 1500 ಬೈಟಿನವರೆಗೆ ಇರಬಹುದು. ತಲೆಬರಹಗಳಿಗೆ 40 ಹೋದರೆ ಉಳಿಯುವುದು 1460. ಸುರಂಗದಲ್ಲಿ ಅದರ ಮೇಲೆ ಇನ್ನೊಂದು ಹೊದಿಕೆ ಬರುವುದರಿಂದ ಜಾಗ ಕಡಿಮೆ. ಕಂತಿನ ಮೇಲೆ "ತುಂಡು ಮಾಡಬೇಡಿ" ಎಂಬ ಗುರುತಿರುವುದರಿಂದ ರೌಟರ್ ಅದನ್ನು ಒಡೆಯುವಂತಿಲ್ಲ. ಕಳಿಸಿದವರಿಗೆ ತಿಳಿಸಿ ಕೈಬಿಡಬೇಕು. ದಾರಿಯ ಅಳತೆ ಕಂಡುಕೊಳ್ಳುವ ಈ ವಿಧಾನ 1990ರಿಂದ ಆರ್‌ಎಫ್‌ಸಿ 1191ರಲ್ಲಿ ಲಿಖಿತವಾಗಿಯೇ ಇದೆ. ರೌಟರ್ ಧರ್ಮದಂತೆ ನಡೆದಿತ್ತು. ಆದರೆ ಆ ಸಂದೇಶ ಸರ್ವರಿಗೆ ಮುಟ್ಟುತ್ತಿರಲಿಲ್ಲ. ಅವೆರಡರ ನಡುವೆ ಇದ್ದದ್ದು ಫೈರ್‌ವಾಲ್ ಒಂದೇ. ಅದರಲ್ಲಿ ಐಸಿಎಂಪಿ ಪೂರ್ತಿ ನಿಷೇಧಿಸಿದ ನಿಯಮವನ್ನು ಹಿಂದಿನ ಶನಿವಾರ ಬರೆದವನು ನಾನೇ! ಹೊರಗಿನವರು ಪಿಂಗ್ ಮಾಡದಿರಲಿ ಎಂಬ ಜಾಣತನದಲ್ಲಿ ಬಾಯಿ ಮುಚ್ಚಿಸಬಾರದವನ ಬಾಯನ್ನೂ ಮುಚ್ಚಿಸಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಆ ಸಂದೇಶಕ್ಕೆ ದಾರಿ ಬಿಟ್ಟೆ, ಪಟ್ಟಿ ಬಂತು. ಮುಂದೆ ಬೇರೆಲ್ಲಾದರೂ ಸಂದೇಶ ತಡೆಯಲ್ಪಟ್ಟರೂ ತೊಂದರೆಯಾಗದಿರಲೆಂದು, ಕೈಕುಲುಕುವಾಗಲೇ 1360 ಬೈಟಿನ ಮಿತಿ ಹೇಳುವಂತೆ ರೌಟರಿನಲ್ಲಿ ಏರ್ಪಾಟು ಮಾಡಿದೆವು.

ಪತ್ರವನ್ನು ಸರಿಪಡಿಸುವುದು ಅಷ್ಟು ಸುಲಭವಿರಲಿಲ್ಲ. ಬೆಳಿಗ್ಗೆ ಮೂರೂ ದಾಖಲೆಗಳನ್ನು ಲಗತ್ತಿಸಿ, ತಪ್ಪು ನನ್ನದೆಂದು ಮೇಲಧಿಕಾರಿಗೆ ಇನ್ನೊಂದು ಪತ್ರ ಬರೆದೆ. ಹುಡುಗನ ಕರಾರು ಮುಂದುವರಿಯಿತು. ನಾನು ಕ್ಷಮೆ ಕೇಳಿದಾಗ ಅವನು, "ಇರ್ಲಿ ಬಿಡ್ರಿ ಸರ್, ಎಲ್ಲರ ಪಗಾರ ಆತಲ್ಲ" ಎಂದ. ಅವನು ಇನ್ನೂ ನಾಲ್ಕು ಮಾತು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ.

ಮಿತ್ರರೇ, ನೀವು ಹಿಡಿಯುವಾಗ ಕೆಲವು ಸಂಗತಿ ನೆನಪಿಡಿ. ಇಂದು ಬಹುತೇಕ ಸಂಚಾರ ಗೂಢಲಿಪಿಯಲ್ಲಿರುವುದರಿಂದ ಒಳಗಿನ ಮಾತು ಓದಲಾಗದು. ಆದರೂ ಅಳತೆ, ವೇಳೆ, ಮರುಕಳಿಕೆಗಳು ಕಾಣುತ್ತವೆ, ಅಷ್ಟು ಸಾಕು. "ಸಿನ್"ಗೆ ಥಟ್ಟನೆ "ಆರ್‌ಎಸ್‌ಟಿ" ಬಂದರೆ ಸಾಮಾನ್ಯವಾಗಿ ಯಂತ್ರ ಜೀವಂತವಾಗಿದೆ, ಆ ಬಾಗಿಲು ಮಾತ್ರ ಮುಚ್ಚಿದೆ ಎಂದರ್ಥ. ಏನೂ ಬಾರದಿದ್ದರೆ ದಾರಿಯಲ್ಲಿ ಯಾರೋ ನುಂಗುತ್ತಿರಬಹುದು, ಇಲ್ಲವೇ ಆ ಕಡೆ ಯಾರೂ ಇಲ್ಲದಿರಬಹುದು. ಅನುಮತಿಯಿಲ್ಲದೆ ಇತರರ ಸಂಚಾರ ಹಿಡಿಯಬೇಡಿ, ಅದು ಪರರ ಪತ್ರ ಒಡೆದಂತೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ತುದಿಯಲ್ಲಿ ಹಿಡಿದು ತೀರ್ಪು ಕೊಡಬೇಡಿ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ನಾನಂತೂ ಪ್ರತ್ಯಕ್ಷ ಕಾಣದೆಯೇ ಪತ್ರ ಬರೆದಿದ್ದೆ. ಈಗ ದೂರು ಬಂದರೆ ಫೋನ್ ಎತ್ತುವ ಮೊದಲು, ಕಳೆದ ವಾರ ನಾನೇನು ಬದಲಾಯಿಸಿದೆ ಎಂದು ನನ್ನ ಟಿಪ್ಪಣಿ ಪುಸ್ತಕವನ್ನು ತೆರೆದು ನೋಡುತ್ತೇನೆ. ಆ ಕಡೆಯವರು ಸುಮ್ಮನಾದರೆ, "ನಿಮಗೇನನಿಸುತ್ತದೆ, ಯಾವ ಭಾಷೆಯಲ್ಲಾದರೂ ಹೇಳಿ" ಎನ್ನುತ್ತೇನೆ.