ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಮೂರು ಪದಗಳು



ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ಆ ಅವಧಿಯಲ್ಲಿ ತಿದ್ದಿದ ತಪ್ಪುಗಳಿಗೆ ಲೆಕ್ಕವಿಲ್ಲ. ಆದರೆ ಸರಿಯಾಗಿದ್ದುದನ್ನೇ ತಪ್ಪೆಂದು ತಿದ್ದಿದ ಒಂದು ಪ್ರಸಂಗ ಮಾತ್ರ ಮನಸ್ಸಿನಿಂದ ಮಾಸಿಲ್ಲ. ಅದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಲು ಇಂದು ಕುಳಿತಿದ್ದೇನೆ. ವಿಷಯ ವ್ಯಾಕರಣದ್ದು, ದಯವಿಟ್ಟು ತಾಳ್ಮೆಯಿಂದ ಓದಬೇಕು.

1985ನೇ ಇಸವಿ. ಬಿ.ಇಡ್. ಮುಗಿಸಿ ಮಲೆನಾಡಿನ ಹಳ್ಳಿಯೊಂದರ ಪ್ರೌಢಶಾಲೆಗೆ ಸೇರಿ ಎರಡು ವರ್ಷವಾಗಿತ್ತು. ಹತ್ತನೇ ತರಗತಿಯವರಿಗೆ ‘ನನ್ನ ಮನೆ’ ಎಂಬ ವಿಷಯ ಕೊಟ್ಟು, ಇಂಗ್ಲಿಷಿನಲ್ಲಿ ಹತ್ತು ವಾಕ್ಯ ಬರೆಯಲು ಹೇಳಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಹೀಗೆ ಬರೆದಿದ್ದನು: ‘ಅವರ್ ಹೌಸ್ ಈಸ್ ರೈಟ್ ಬೈ ದ ರಿವರ್. ಮೈ ಫಾದರ್ ಈಸ್ ಔಟ್ ಇನ್ ದ ಫೀಲ್ಡ್ ಲಾಂಗ್ ಬಿಫೋರ್ ಸನ್‌ರೈಸ್.’

ನಾನು ‘ರೈಟ್’, ‘ಔಟ್’, ‘ಲಾಂಗ್’ ಎಂಬ ಮೂರು ಪದಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಅಷ್ಟಕ್ಕೆ ಸುಮ್ಮನಿರದೆ ತರಗತಿಯಲ್ಲಿ ಗಟ್ಟಿಯಾಗಿ ಓದಿ, “ರೈಟ್ ಎಂದರೆ ಬಲಗಡೆ ಅಥವಾ ಸರಿ. ಹೊಳೆಯ ಪಕ್ಕದಲ್ಲಿ ಮನೆಯಿದೆ ಎಂದ ಮೇಲೆ ಈ ರೈಟ್ ಯಾಕೆ ಬೇಕು? ಹೊಲದಲ್ಲಿ ಇದ್ದಾರೆ ಎಂದರೆ ಸಾಲದೆ? ಔಟ್ ಎಲ್ಲಿಂದ ಬಂತು?” ಎಂದು ಕೇಳಿದೆ. ಹುಡುಗರೆಲ್ಲ ನಕ್ಕರು. ಅವನು ಎದ್ದು ನಿಂತು, “ಸಾರ್, ರೇಡಿಯೋದಲ್ಲಿ ಹೀಗೇ ಹೇಳ್ತಾರೆ” ಎಂದನು. “ಪರೀಕ್ಷೆ ಬರೆಯುವುದು ನೀನು, ರೇಡಿಯೋ ಅಲ್ಲ” ಎಂದೆ. ಮತ್ತೊಮ್ಮೆ ನಕ್ಕರು. ಅವನು ಕುಳಿತನು.

ಆ ಫೆಬ್ರವರಿ–ಮಾರ್ಚ್ ತಿಂಗಳುಗಳಲ್ಲಿ ಆಸ್ಟ್ರೇಲಿಯಾದಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕ್ರಿಕೆಟ್ ನಡೆದಿತ್ತು. ಗವಾಸ್ಕರ್ ನಾಯಕತ್ವದಲ್ಲಿ ಭಾರತ ಗೆದ್ದಿತು. ಆ ಹುಡುಗ ಮನೆಯ ಟ್ರಾನ್ಸಿಸ್ಟರಿಗೆ ಕಿವಿ ಹಚ್ಚಿ ಇಂಗ್ಲಿಷ್ ವೀಕ್ಷಕ ವಿವರಣೆ ಕೇಳುತ್ತಿದ್ದನೆಂದು ಅನಂತರ ತಿಳಿಯಿತು. ಯೋಚಿಸಿ ನೋಡಿ, ರೇಡಿಯೋ ಕೇಳುವವನಿಗೆ ಮೈದಾನ ಕಾಣುವುದಿಲ್ಲ. ಚೆಂಡು ಎಲ್ಲಿ ಬಿತ್ತು, ಎಷ್ಟು ದೂರದಲ್ಲಿ, ಯಾವ ದಿಕ್ಕಿಗೆ ಹೋಯಿತು ಎಂಬುದನ್ನೆಲ್ಲ ಮಾತಿನಲ್ಲೇ ತೋರಿಸಬೇಕು. ಆದ್ದರಿಂದಲೇ ವಿವರಣೆಕಾರರು ಬರಿದೇ ‘ಔಟ್‌ಸೈಡ್ ದ ಆಫ್ ಸ್ಟಂಪ್’ ಎಂದು ಬಿಡದೆ ‘ವೆಲ್ ಔಟ್‌ಸೈಡ್’, ‘ಜಸ್ಟ್ ಔಟ್‌ಸೈಡ್’ ಎನ್ನುತ್ತಾರೆ. ‘ಸ್ಟ್ರೇಟ್ ಬ್ಯಾಕ್ ಓವರ್ ದ ಬೌಲರ್ಸ್ ಹೆಡ್’ ಎನ್ನುತ್ತಾರೆ. ಆ ಪದಗಳನ್ನು ತೆಗೆದರೆ ವಾಕ್ಯ ಉಳಿಯುತ್ತದೆ, ಚಿತ್ರ ಉಳಿಯುವುದಿಲ್ಲ.

ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಕ್ರಮವೇ ಬೇರೆ. ಮೇಜಿನ ಮೇಲೆ ಸೀಮೆಸುಣ್ಣ ಇಟ್ಟು ‘ಆನ್’, ಕೆಳಗಿಟ್ಟು ‘ಅಂಡರ್’, ಡಬ್ಬಿಯೊಳಗಿಟ್ಟು ‘ಇನ್’ ಎಂದು ಕಲಿಸುವುದು. ಒಳ್ಳೆಯ ಕ್ರಮವೇ, ಆದರೆ ನಾವು ಅಲ್ಲಿಗೇ ನಿಂತೆವು. ಆ ಉಪಸರ್ಗದ ಪದಪುಂಜದ ಹಿಂದೆ ಮತ್ತೊಂದು ಕ್ರಿಯಾವಿಶೇಷಣ ಬಂದು ನಿಲ್ಲಬಹುದು, ದಿನಬಳಕೆಯ ಇಂಗ್ಲಿಷಿನಲ್ಲಿ ಅದು ಹೆಜ್ಜೆಹೆಜ್ಜೆಗೂ ಬರುತ್ತದೆ ಎಂಬುದನ್ನು ನಾನು ಗಮನಿಸಿರಲಿಲ್ಲ.

ಆ ಪದ ಮುಖ್ಯವಾಗಿ ಮೂರು ಕೆಲಸ ಮಾಡುತ್ತದೆ. ಮೊದಲನೆಯದು, ಗುರಿಯನ್ನು ನಿಖರಗೊಳಿಸುವುದು: ‘ರೈಟ್ ಬೈ ದ ರಿವರ್’ ಎಂದರೆ ಹೊಳೆಯ ಪಕ್ಕದಲ್ಲೇ. ಎರಡನೆಯದು, ಅಂತರವನ್ನು ಅಳೆಯುವುದು: ‘ಲಾಂಗ್ ಬಿಫೋರ್ ಸನ್‌ರೈಸ್’ ಎಂದರೆ ಸೂರ್ಯ ಹುಟ್ಟುವುದಕ್ಕೆ ಎಷ್ಟೋ ಮೊದಲು, ‘ಹಾಫ್‌ವೇ ಅಪ್ ದ ಹಿಲ್’ ಎಂದರೆ ಗುಡ್ಡದ ಅರ್ಧ ದಾರಿಯಲ್ಲಿ. ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಅದು ಮಾತನಾಡುವವನು ನಿಂತ ಜಾಗವನ್ನು ಹೇಳುತ್ತದೆ. ‘ಔಟ್ ಇನ್ ದ ಫೀಲ್ಡ್’ ಎನ್ನುವವನು ತನ್ನನ್ನು ಮನೆಯಲ್ಲಿಟ್ಟುಕೊಂಡು ಹೊರಗಿನ ಹೊಲವನ್ನು ನೋಡುತ್ತಿದ್ದಾನೆ. ‘ಡೌನ್ ಬೈ ದ ರಿವರ್’ ಎಂದರೆ ಹೊಳೆ ಅವನಿಗಿಂತ ತಗ್ಗಿನಲ್ಲಿದೆ. ‘ಬ್ಯಾಕ್ ಇನ್ ದ ವಿಲೇಜ್’ ಎಂದರೆ ಬಿಟ್ಟುಬಂದ ಊರಿನ ನೆನಪು ಆ ಒಂದು ಪದದಲ್ಲಿದೆ. ನಾನು ‘ಔಟ್’ ಎಂಬುದನ್ನು ಹೊಡೆದಾಗ, ನಸುಕಿನಲ್ಲೇ ಎದ್ದುಹೋದ ಅಪ್ಪನನ್ನು ಮನೆಯಿಂದ ನೋಡುತ್ತಿದ್ದ ಹುಡುಗನನ್ನೇ ಆ ವಾಕ್ಯದಿಂದ ಹೊಡೆದುಹಾಕಿದ್ದೆ.

ನನಗೆ ಹೆಚ್ಚು ನಾಚಿಕೆಯಾಗುವುದು ಏಕೆಂದರೆ, ಇದು ಕನ್ನಡಿಗನಿಗೆ ಹೊಸದೇನಲ್ಲ. ‘ಕೆಳಗೆ ಹೊಳೆ ಹತ್ತಿರ ಇದ್ದಾರೆ’, ‘ಮೇಲೆ ಅಟ್ಟದಲ್ಲಿ ಇಟ್ಟಿದೆ’ ಎಂದು ನಾವು ದಿನವೂ ಹೇಳುತ್ತೇವೆ. ಅಟ್ಟ ಮೇಲೆಯೇ ಇರುತ್ತದೆ, ‘ಮೇಲೆ’ ಯಾಕೆಂದು ಯಾರೂ ಕೇಳುವುದಿಲ್ಲ. ಇಂಗ್ಲಿಷಿನವರು ‘ರೈಟ್’ ಸೇರಿಸಿ ಹೇಳುವುದನ್ನು ನಾವು ಒಂದು ‘ಏ’ಕಾರದಿಂದ ಹೇಳುತ್ತೇವೆ: ಮನೆಯ ಎದುರಿಗೇ. ಇಲ್ಲವೇ ಪದವನ್ನೇ ಇಮ್ಮಡಿಸುತ್ತೇವೆ: ನಟ್ಟನಡುವೆ, ತುತ್ತತುದಿಯಲ್ಲಿ, ಕಟ್ಟಕಡೆಗೆ.

ನಿವೃತ್ತಿಯ ಬಳಿಕ ಓದಲು ಬಿಡುವು ಸಿಕ್ಕಿತು. ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಆಟೊ ಯೆಸ್ಪರ್ಸನ್ 1924ರಷ್ಟು ಹಿಂದೆಯೇ, ಉಪಸರ್ಗ ಮತ್ತು ಕ್ರಿಯಾವಿಶೇಷಣಗಳನ್ನು ಬೇರೆ ಬೇರೆ ವರ್ಗಗಳೆಂದು ಕಾಣಬೇಕಿಲ್ಲವೆಂದು ವಾದಿಸಿದ್ದರು. ಸಕರ್ಮಕವಾದರೂ ಅಕರ್ಮಕವಾದರೂ ಕ್ರಿಯಾಪದ ಕ್ರಿಯಾಪದವೇ ಆಗಿರುವಂತೆ, ಮುಂದೆ ನಾಮಪದ ಬಂದರೂ ಬಾರದಿದ್ದರೂ ಇವು ಒಂದೇ ಜಾತಿಯ ಪದಗಳೆಂಬುದು ಅವರ ತರ್ಕ. ಹಡಲ್‌ಸ್ಟನ್ ಮತ್ತು ಪುಲಮ್ ಅವರ 2002ರ ಕೇಂಬ್ರಿಡ್ಜ್ ವ್ಯಾಕರಣ ಇದನ್ನೇ ಮುಂದುವರಿಸಿ, ‘ರೈಟ್’ ಮತ್ತು ‘ಸ್ಟ್ರೇಟ್’ ಪದಗಳನ್ನು ಉಪಸರ್ಗ ಗುರುತಿಸುವ ಒರೆಗಲ್ಲನ್ನಾಗಿ ಬಳಸುತ್ತದೆ. ಅಂದರೆ ನಾನು ದಂಡವೆಂದು ಹೊಡೆದ ಪದವೇ ಪಂಡಿತರ ಕೈಯಲ್ಲಿ ಅಳತೆಗೋಲು! ನಮ್ಮ ವ್ಯಾಕರಣವೂ ‘ಹೊರಗೆ ಹೋದನು’ ಎಂಬಲ್ಲಿಯ ‘ಹೊರಗೆ’ಯನ್ನೂ ‘ಮನೆಯ ಹೊರಗೆ’ ಎಂಬಲ್ಲಿಯದನ್ನೂ ಅವ್ಯಯವೆಂಬ ಒಂದೇ ಸೂರಿನಡಿ ಇರಿಸಿದೆ. ಕಲಿತದ್ದನ್ನು ಜೋಡಿಸಿ ನೋಡುವ ಬುದ್ಧಿ ನನಗಿರಲಿಲ್ಲ, ಅಷ್ಟೆ.

ಆ ಹುಡುಗ ಮುಂದೆ ಬರೆದ ಪ್ರಬಂಧಗಳಲ್ಲಿ ಒಂದೂ ತಪ್ಪಿರಲಿಲ್ಲ. ‘ಅವರ್ ಸ್ಕೂಲ್ ಈಸ್ ಇನ್ ದ ವಿಲೇಜ್. ದೇರ್ ಈಸ್ ಎ ಟ್ರೀ ನಿಯರ್ ದ ಸ್ಕೂಲ್.’ ನಾನು ‘ಉತ್ತಮ’ ಎಂದು ಬರೆದು ಸಹಿ ಹಾಕಿದೆ. ರೇಡಿಯೋದಿಂದ ಬಂದಿದ್ದ ಯಾವ ಪದವೂ ಅದರಲ್ಲಿರಲಿಲ್ಲ. ಅವನು ತರಗತಿಯಲ್ಲಿ ಕೈ ಎತ್ತಿದ್ದೂ ನನಗೆ ನೆನಪಿಲ್ಲ.

ಕಳೆದ ವರ್ಷ ಆತ ಮಗಳ ಮದುವೆಯ ಕರೆಯೋಲೆ ಹಿಡಿದು ನಮ್ಮ ಮನೆಗೆ ಬಂದನು. ತಲೆಗೂದಲು ಬೆಳ್ಳಗಾಗಿದೆ. ಕಾಫಿ ಕುಡಿಯುತ್ತ, “ಛತ್ರ ಹುಡುಕೋದು ಕಷ್ಟ ಇಲ್ಲ ಸಾರ್, ಬಸ್ ಸ್ಟ್ಯಾಂಡಿನ ಎದುರಿಗೇ” ಎಂದನು.

“ರೈಟ್ ಆಪೋಸಿಟ್ ದ ಬಸ್ ಸ್ಟ್ಯಾಂಡ್” ಎಂದೆ ನಾನು.

ಆತ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದನು. ಆಮೇಲೆ ಮೆಲ್ಲಗೆ, “ರೈಟ್ ಬೇಕಾ ಸಾರ್?” ಎಂದನು.

ನಲವತ್ತು ವರ್ಷವಾದರೂ ಮರೆತಿರಲಿಲ್ಲ. “ಬೇಕು ಕಣಯ್ಯಾ. ಅವತ್ತೂ ಬೇಕಿತ್ತು. ತಪ್ಪು ನಂದು” ಎಂದೆ. ಇಬ್ಬರೂ ನಕ್ಕೆವು, ಈ ಸಲ ಅವನ ಮೇಲೆ ನಗುವವರು ಯಾರೂ ಇರಲಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಅಧ್ಯಾಪಕರಾಗಿದ್ದೀರಿ. ಮಗುವಿನ ಬರಹದಲ್ಲಿ ನೀವು ಕಲಿಸದ ಪದವೊಂದು ಕಂಡರೆ ಕೆಂಪು ಪೆನ್ನು ಎತ್ತುವ ಮೊದಲು, ಅದನ್ನು ಎಲ್ಲಿ ಕೇಳಿದೆಯೆಂದು ಒಮ್ಮೆ ವಿಚಾರಿಸಿ. ಇಷ್ಟೇ ನನ್ನ ಕೋರಿಕೆ.