ಕೂದಲಿನ ಅಂಚು

ನಾನು ಕಾಂಪೊಸಿಟಿಂಗ್ ಕಲಿತದ್ದು ಶೇಕ್ ಎಂಬ ಸಾಫ್ಟ್‌ವೇರ್‌ನಲ್ಲಿ. ನಟಿಯನ್ನು ಹಸಿರು ಪರದೆಯ ಮುಂದೆ ಚಿತ್ರೀಕರಿಸಿರುತ್ತಾರೆ, ಹಿನ್ನೆಲೆಯ ಬೆಟ್ಟವನ್ನು ಇನ್ನೆಲ್ಲೋ. ಎರಡೂ ಒಂದೇ ಬಿಸಿಲಲ್ಲಿ ನಿಂತಂತೆ ಕೂಡಿಸುವುದು ನಮ್ಮ ಕೆಲಸ. ಹೊಸಬರ ಕೈ ಸೋಲುವುದು ಕೂದಲಿನ ಹತ್ತಿರ. ಹಾರಾಡುವ ಒಂದೊಂದು ಎಳೆಯೂ ಅರ್ಧ ನಟಿ, ಅರ್ಧ ಪರದೆ.

ಆ ಅರ್ಧಕ್ಕೆ ಲೆಕ್ಕ ಒದಗಿಸಿದ್ದು, ಚಿತ್ರದ ಒಂದೊಂದು ಬಿಂದುವೂ ಹಿನ್ನೆಲೆಯನ್ನು ಎಷ್ಟು ಮುಚ್ಚುತ್ತದೆ ಎಂದು ಬರೆದಿಡುವ ಆಲ್ಫಾ ಚಾನೆಲ್. 1970ರ ದಶಕದ ಕೊನೆಯಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ನ್ಯೂಯಾರ್ಕಿನಲ್ಲಿ ಅದನ್ನು ರೂಪಿಸಿದರು. 1984ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಅದರ ಗಣಿತವನ್ನು ಬರೆದಿಟ್ಟರು. ಶೇಕ್‌ನಲ್ಲಿ ಒಂದೊಂದು ಕೆಲಸಕ್ಕೂ ಒಂದು ನೋಡ್; ಒಂದು ಚಿತ್ರವನ್ನು ಇನ್ನೊಂದರ ಮೇಲೆ ಕೂರಿಸಲು ದಿನವೂ ಬಳಸುತ್ತಿದ್ದ ‘ಓವರ್’ ನೋಡ್ ಅವರದೇ ಸೂತ್ರ. ಇವತ್ತು ನಾವು ಬಳಸುವ ನ್ಯೂಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಮರ್ಜ್ ನೋಡ್ ತೆಗೆದರೂ ಮೊದಲು ಸಿಗುವುದು ಅದೇ ಓವರ್.

ಶೇಕ್ ಹುಟ್ಟಿದ್ದು 1990ರ ದಶಕದಲ್ಲಿ, ನಥಿಂಗ್ ರಿಯಲ್ ಎಂಬ ಸಣ್ಣ ಕಂಪನಿಯಲ್ಲಿ. ‘ಲಾರ್ಡ್ ಆಫ್ ದ ರಿಂಗ್ಸ್’ ಚಿತ್ರಗಳಿಗೆ ಅದನ್ನು ಬಳಸಿದ್ದರು. ನಮಗೆಲ್ಲ ಅಷ್ಟು ಸಾಕಿತ್ತು. 2002ರಲ್ಲಿ ಆ್ಯಪಲ್ ಆ ಕಂಪನಿಯನ್ನೇ ಕೊಂಡುಕೊಂಡಿತು. ವಿಂಡೋಸ್ ಆವೃತ್ತಿ ನಿಂತಿತು. 2006ರಲ್ಲಿ ಮ್ಯಾಕ್ ಆವೃತ್ತಿಯ ಬೆಲೆ 2,999 ಡಾಲರ್‌ನಿಂದ 499ಕ್ಕೆ ಇಳಿಯಿತು. ಅಗ್ಗವಾಯಿತೆಂದು ಹಿಗ್ಗುವ ಸುದ್ದಿಯಾಗಿರಲಿಲ್ಲ ಅದು, ಇನ್ನು ಮುಂದೆ ಇದನ್ನು ಬೆಳೆಸುವುದಿಲ್ಲ ಎಂಬ ಸೂಚನೆ. 2009ರಲ್ಲಿ ಮಾರಾಟವೇ ನಿಂತಿತು.

ಅಷ್ಟರಲ್ಲಿ ನ್ಯೂಕ್ ಬಂದಿತ್ತು. 1993ರಲ್ಲಿ ಡಿಜಿಟಲ್ ಡೊಮೇನ್ ಸ್ಟುಡಿಯೋದವರು ಸ್ವಂತ ಬಳಕೆಗೆಂದು ಬರೆದುಕೊಂಡದ್ದು. 2007ರಲ್ಲಿ ಲಂಡನ್ನಿನ ಫೌಂಡ್ರಿ ಕಂಪನಿಯ ಕೈಗೆ ಬಂತು. ಶೇಕ್‌ನಿಂದ ಅದಕ್ಕೆ ಹೊರಳಿದಾಗ ಶಾರ್ಟ್‌ಕಟ್‌ಗಳಿಗೆ ಬೆರಳು ತಡಕಾಡಿತು, ಅಷ್ಟೇ. ಹಸಿರು ತೆಗೆಯುವ ಕೀಲೈಟ್ ಅಲ್ಲೂ ಇತ್ತು, ಇಲ್ಲೂ ಇದೆ. ಆಲ್ಫಾದಿಂದ ಗುಣಿಸಿಟ್ಟ ಚಿತ್ರವನ್ನು ಮೊದಲು ಭಾಗಿಸದೆ ಬಣ್ಣ ತಿದ್ದಿದರೆ ಅಂಚಿನಲ್ಲಿ ಗೆರೆ ಏಳುತ್ತಿತ್ತು, ಈಗಲೂ ಏಳುತ್ತದೆ. ಶೇಕ್‌ಗಾಗಿ ಕಣ್ಣೀರು ಹಾಕಿದವರನ್ನು ಕಂಡಿದ್ದೇನೆ, ನನಗೆ ಹಾಗನ್ನಿಸಲಿಲ್ಲ. ನ್ಯೂಕ್‌ನ ಮೂರು ಆಯಾಮದ ಜಾಗ, ಅದರಲ್ಲಿ ಪ್ಲೇಟನ್ನು, ಅಂದರೆ ಚಿತ್ರೀಕರಿಸಿದ ತುಣುಕನ್ನು, ಹರವಿ ಕ್ಯಾಮೆರಾ ಓಡಿಸುವ ಸೌಲಭ್ಯ, ನಿಜಕ್ಕೂ ಮೇಲಾಗಿತ್ತು.

ಬದಲಾದದ್ದು ನಿರ್ಧಾರ ಮಾಡುವ ಹೊತ್ತು. ಆಪ್ಟಿಕಲ್ ಪ್ರಿಂಟರ್ ಕಾಲದಲ್ಲಿ ಫಿಲ್ಮನ್ನು ಪದರಪದರವಾಗಿ ಮರುಚಿತ್ರೀಕರಿಸಬೇಕಿತ್ತು, ಪ್ರತಿ ಸಲ ಗ್ರೇನ್ ಏರುತ್ತಿತ್ತು, ತಪ್ಪಿದರೆ ಮತ್ತೆ ಮೊದಲಿನಿಂದ. 1977ರ ‘ಬಬ್ರುವಾಹನ’ದಲ್ಲಿ ರಾಜ್‌ಕುಮಾರ್ ರಾಜ್‌ಕುಮಾರ್‌ಗೇ ಎದುರು ನಿಂತ ದೃಶ್ಯಗಳಿಗೆ ಛಾಯಾಗ್ರಾಹಕ ಎಸ್.ವಿ. ಶ್ರೀಕಾಂತ್ ಫ್ರೇಮಿನ ಒಂದು ಭಾಗ ಮುಚ್ಚಿಟ್ಟು ಚಿತ್ರೀಕರಿಸುವ ಮಾಸ್ಕ್ ತಂತ್ರ ಬಳಸಿದರು. ಯಾರು ಎಲ್ಲಿ ನಿಲ್ಲಬೇಕು, ನೋಟ ಎಲ್ಲಿಗೆ ಹೋಗಬೇಕು ಎಂಬುದು ಶೂಟಿಂಗ್‌ಗೆ ಮುಂಚೆಯೇ ಗಟ್ಟಿಯಾಗಿರಬೇಕಿತ್ತು. ಈಗಿನ ನೋಡ್‌ಗಳ ಮರದಲ್ಲಿ ಹಾಗಲ್ಲ, ಯಾವುದೂ ಮುಗಿದುಹೋಗುವುದಿಲ್ಲ. ಬುಡದಲ್ಲಿರುವ ಒಂದು ಮೌಲ್ಯ ಬದಲಿಸಿದರೆ ಇಡೀ ಶಾಟ್ ಹೊಸದಾಗಿ ಹರಿಯುತ್ತದೆ. ಇದು ದೊಡ್ಡ ಕೊಡುಗೆ ಎಂದು ಇವತ್ತಿಗೂ ನಂಬಿದ್ದೇನೆ. ಆದರೆ ಬದಲಿಸಬಹುದು ಎಂದು ಗೊತ್ತಾದ ಮೇಲೆ ಶೂಟಿಂಗ್‌ನಲ್ಲಿ ಮಾಡಬೇಕಾದ ತೀರ್ಮಾನಗಳೆಲ್ಲ ನಮ್ಮ ಮೇಜಿಗೆ ಬರತೊಡಗಿದವು. ಆಕಾಶ ಯಾವ ಬಣ್ಣ ಎಂಬುದು ಬಿಡುಗಡೆಯ ಹಿಂದಿನ ವಾರವೂ ತೀರ್ಮಾನವಾಗಿರುವುದಿಲ್ಲ. ರಾತ್ರಿ ಕೂತು ಅದನ್ನು ಮಾಡುವವರು ಕಾಂಪೊಸಿಟರ್‌ಗಳು.

ನಮ್ಮಲ್ಲಿ ಬಹಳ ಮಂದಿ ಒಳಗೆ ಬಂದದ್ದು ರೋಟೋ ಮೂಲಕ. ಬೆಂಗಳೂರು, ಹೈದರಾಬಾದ್, ಮುಂಬೈಗಳಲ್ಲಿ ಹೊರದೇಶದ ಚಿತ್ರಗಳಿಗಾಗಿ ಫ್ರೇಮಿನಿಂದ ಫ್ರೇಮಿಗೆ ನಟರ ಆಕಾರ ಬಿಡಿಸುತ್ತಾ ಕೂತವರು. ಬೇಸರದ ಕೆಲಸ, ಸಂಬಳವೂ ಕಡಿಮೆ. ಆದರೆ ತೋಳು ಬೀಸಿದಾಗ ಅಂಚು ಎಷ್ಟು ಮಸುಕಾಗುತ್ತದೆ, ಫೋಕಸ್ ತಪ್ಪಿದ ಭುಜ ಎಲ್ಲಿ ಕರಗುತ್ತದೆ ಎಂದು ನಾನು ಕಲಿತದ್ದು ಅಲ್ಲೇ. 2021ರಲ್ಲಿ ನ್ಯೂಕ್ 13 ಜೊತೆಗೆ ಕಾಪಿಕ್ಯಾಟ್ ಬಂತು: ಕೆಲವೇ ಫ್ರೇಮ್‌ಗಳನ್ನು ಕೈಯಲ್ಲಿ ಮಾಡಿ ತೋರಿಸಿದರೆ ಉಳಿದದ್ದನ್ನು ಅದು ಅನುಕರಿಸುತ್ತದೆ. ಅದರ ಫಲಿತಾಂಶ ಸರಿಯಿದೆಯೇ ಎಂದು ನೋಡಲು ಪಳಗಿದ ಕಣ್ಣು ಬೇಕು. ಆ ಕಣ್ಣನ್ನು ಪಳಗಿಸುತ್ತಿದ್ದ ಕೆಲಸವನ್ನೇ ಅದು ಕೈಗೆತ್ತಿಕೊಂಡಿದೆ. ಈಗ ಸೇರುವ ಹುಡುಗ ಹುಡುಗಿಯರಿಗೆ ನಾನು ಕಾಪಿಕ್ಯಾಟ್ ಮುಟ್ಟುವ ಮೊದಲು ಒಂದು ಪೂರ್ತಿ ಶಾಟ್ ಕೈಯಲ್ಲೇ ರೋಟೋ ಮಾಡಿಸುತ್ತೇನೆ. ಶೆಡ್ಯೂಲ್‌ನಲ್ಲಿ ಅದಕ್ಕೆ ಜಾಗವಿಲ್ಲ ಎಂದು ಪ್ರೊಡಕ್ಷನ್‌ನವರು ಪ್ರತಿ ಸಲ ಹೇಳುತ್ತಾರೆ.